ಗಾಜಿನ ಚೆಂಡಿನೊಳಗೆ ಸೌರಮಂಡಲ: ಕ್ರಿಸ್ಟಲ್ ನೈಟ್ ಲ್ಯಾಂಪ್ ಕೊಳ್ಳುವ ಮುನ್ನ, ಕೊಂಡ ಮೇಲೆ

ಪಾರದರ್ಶಕ ಗಾಜಿನ ಚೆಂಡು. ಒಳಗೆ ಸೂರ್ಯನ ಸುತ್ತ ಗ್ರಹಗಳು, ಇಲ್ಲವೇ ಬಳೆ ತೊಟ್ಟ ಶನಿ, ಇಲ್ಲವೇ ಸುರುಳಿ ಸುತ್ತಿದ ಆಕಾಶಗಂಗೆ. ಕೆಳಗೊಂದು ಪುಟ್ಟ ಮರದ ಬೇಸ್. ಸ್ವಿಚ್ ಒತ್ತಿದರೆ ಒಳಗಿನದೆಲ್ಲ ಹೊಳೆಯುತ್ತದೆ. ಈ ದೀಪದ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಯಾವುದನ್ನು ಕೊಳ್ಳಬೇಕು? ಫೋಟೋದಲ್ಲಿ ಕಂಡ ಹಾಗೆ ಮನೆಯಲ್ಲಿ ಯಾಕೆ ಕಾಣ್ತಿಲ್ಲ? ರಾತ್ರಿಯಿಡೀ ಉರಿಸಬಹುದಾ?

ಕೊನೆಯದಕ್ಕೆ ಉತ್ತರ ಸುಲಭ: ಒಳ್ಳೆ ಅಡಾಪ್ಟರ್ ಇದ್ದರೆ ಉರಿಸಬಹುದು. ರಾತ್ರಿ ಈ ದೀಪದಿಂದ ತೊಂದರೆ ಕಡಿಮೆ. ತೊಂದರೆ ಇರುವುದು ಹಗಲಲ್ಲಿ, ದೀಪ ಆರಿಸಿದ್ದಾಗ. ಅದನ್ನು ಹಂತ 4ರಲ್ಲಿ ಬಿಡಿಸಿ ಹೇಳಿದ್ದೇನೆ. ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಅದೊಂದನ್ನು ಓದಿ.

ಮೊದಲು, ಒಳಗೆ ಏನಿದೆ

ಮಾರುವವರು ‘ಕೆ9 ಕ್ರಿಸ್ಟಲ್’ ಎಂದು ಬರೆದಿರುತ್ತಾರೆ. ಕೆ9 ಅಂದರೆ ಲೆನ್ಸ್ ಮಾಡಲು ಬಳಸುವ ತಿಳಿಯಾದ ಗಾಜು. ಚೀನಾದಲ್ಲಿ ಆ ಗಾಜಿಗೆ ಇಟ್ಟ ದರ್ಜೆಯ ಹೆಸರು ಅದು. ಜಪಮಾಲೆಯ ಸ್ಫಟಿಕಕ್ಕೂ ಇದಕ್ಕೂ ಸಂಬಂಧವಿಲ್ಲ. ‘ನಿಜವಾದ ಸ್ಫಟಿಕ, ಮನೆಗೆ ಒಳ್ಳೆಯದು’ ಎಂದು ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ.

ಒಳಗಿನ ಚಿತ್ರವನ್ನು ಲೇಸರ್‌ನಿಂದ ಕೆತ್ತಿರುತ್ತಾರೆ. ಲೇಸರ್ ಕಿರಣ ಗಾಜಿನ ಮೈಯನ್ನು ಕೆಡಿಸದೆ ದಾಟಿಹೋಗಿ, ಒಳಗೆ ಒಂದು ಬಿಂದುವಿನಲ್ಲಿ ಸೇರುತ್ತದೆ. ಅಲ್ಲಿ ಚುಕ್ಕಿಯಷ್ಟು ಸಣ್ಣ ಬಿರುಕು ಬೀಳುತ್ತದೆ. ಹೀಗೆ ಸಾವಿರಾರು ಬಿರುಕುಗಳು ಸೇರಿ ಶನಿಯ ಬಳೆಯಾಗುತ್ತದೆ. ಚೆಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ: ಗ್ರಹ ಗಟ್ಟಿಯಾಗಿರುವುದಿಲ್ಲ, ಬಿಳಿ ಚುಕ್ಕಿಗಳ ಗುಂಪು ಅಷ್ಟೇ. ಕೆಳಗಿನಿಂದ ಬಂದ ಬೆಳಕು ಆ ಚುಕ್ಕಿಗಳಿಗೆ ತಾಗಿ ಚದುರಿದಾಗ ಚಿತ್ರ ಹೊಳೆಯುತ್ತದೆ. ಉಳಿದ ಗಾಜಿನಲ್ಲಿ ಬೆಳಕು ಸುಮ್ನೆ ದಾಟಿಹೋಗುತ್ತದೆ. ಮುಂದೆ ಹೇಳುವ ಅರ್ಧ ವಿಷಯ ಇದರ ಮೇಲೇ ನಿಂತಿದೆ.

ಏನೇನು ಬೇಕು

- ಚೆಂಡು (ಅಥವಾ ಚೌಕದ ಕ್ರಿಸ್ಟಲ್)
- ಎಲ್‌ಇಡಿ ಬೇಸ್. ಚೆಂಡಿನ ಜೊತೆ ಬೇಸ್ ಇದೆಯೇ ಎಂದು ಓದಿ ನೋಡಿ. ಕೆಲವರು ಬರೀ ಚೆಂಡನ್ನೇ ಮಾರುತ್ತಾರೆ, ಫೋಟೋದಲ್ಲಿ ಮಾತ್ರ ಬೇಸ್ ಇರುತ್ತದೆ.
- 5 ವೋಲ್ಟ್‌ನ ಸಾದಾ ಫೋನ್ ಅಡಾಪ್ಟರ್. ಬಿಐಎಸ್ ಗುರುತು, ಅದರ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು.
- ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆ
- ಗೋಡೆಗೆ ಪೋಸ್ಟರ್ ಅಂಟಿಸುವ ಮೇಣದಂಥ ಅಂಟು, ಒಂದು ಚೂರು

ಹಂತ 1: ಗಾತ್ರ ಮತ್ತು ಆಕಾರ ಗೊತ್ತುಮಾಡಿಕೊಳ್ಳಿ

ಅಂಗಡಿಗಳಲ್ಲಿ 6 ಸೆಂಟಿಮೀಟರ್ ಮತ್ತು 8 ಸೆಂಟಿಮೀಟರ್ ಅಗಲದ ಚೆಂಡುಗಳೇ ಜಾಸ್ತಿ. ಹೇಳಿಕೊಳ್ಳಲು ಎರಡೇ ಸೆಂಟಿಮೀಟರ್ ವ್ಯತ್ಯಾಸ. ಆದರೆ 6ರ ಗಾಜಿನ ಚೆಂಡು 280 ಗ್ರಾಂ ಆಸುಪಾಸು ತೂಗಿದರೆ 8ರದ್ದು 670 ಗ್ರಾಂ ಹತ್ತಿರ ತೂಗುತ್ತದೆ. 10ರ ಚೆಂಡು ಕಿಲೋ ದಾಟಿ 1.3 ಕಿಲೋ ಆಗುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಲೆಕ್ಕ ಮುಖ್ಯ.

ಈ ತೂಕವೇ ಅಸಲಿ-ನಕಲಿ ಗುರುತಿಸಲು ಒಳ್ಳೆ ದಾರಿ ಕೂಡ. ಅಕ್ರಿಲಿಕ್ ಅಂದರೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್. 8 ಸೆಂಟಿಮೀಟರ್‌ನ ಅಕ್ರಿಲಿಕ್ ಚೆಂಡು 320 ಗ್ರಾಂ ಹತ್ತಿರ ಬರುತ್ತದೆ, ಅಂದರೆ ಗಾಜಿನ ಅರ್ಧಕ್ಕಿಂತ ಕಡಿಮೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಗೊತ್ತಾಗುತ್ತದೆ. ಗಾಜು ಮುಟ್ಟಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಅಷ್ಟು ತಣ್ಣಗಿರುವುದಿಲ್ಲ.

ಆಕಾರದ ವಿಷಯದಲ್ಲಿ ನನ್ನ ಮಾತು ಕೇಳಿ. ಇಡುವ ಜಾಗಕ್ಕೆ ಬಿಸಿಲು ಬರುತ್ತದೆ ಅಂತಾದರೆ ಚೆಂಡು ಬೇಡ, ಚೌಕ ತಗೊಳ್ಳಿ. ಚಪ್ಪಟೆ ಮುಖಗಳು ಬಿಸಿಲನ್ನು ಒಂದೇ ಕಡೆ ಸೇರಿಸುವುದಿಲ್ಲ. ಚೆಂಡಿನಷ್ಟು ಅಂದ ಇಲ್ಲ, ನಿಜ. ಆದರೆ ಚೌಕದಲ್ಲಿ ಇನ್ನೊಂದು ಅನುಕೂಲ ಇದೆ: ಒಳಗಿನ ಚಿತ್ರ ಸೊಟ್ಟಗಾಗುವುದಿಲ್ಲ. ಚೆಂಡು ಭೂತಗನ್ನಡಿಯ ಕೆಲಸ ಮಾಡುವುದರಿಂದ ಅಂಚಿನಲ್ಲಿರುವ ಗ್ರಹಗಳು ಎಳೆದ ಹಾಗೆ ಕಾಣುತ್ತವೆ.

ಹಂತ 2: ಒಳಗಿನ ಚಿತ್ರವನ್ನು ಪರೀಕ್ಷಿಸಿ

ಸೌರಮಂಡಲ, ಶನಿ, ಚಂದ್ರ, ಆಕಾಶಗಂಗೆ, ನಕ್ಷತ್ರಪುಂಜ. ಇವು ಸಾಮಾನ್ಯವಾಗಿ ಸಿಗುವ ಚಿತ್ರಗಳು. ನೋಡಲು ಒಂದೇ ವಸ್ತು ಇರುವ ಚೆಂಡು (ಶನಿ ಅಥವಾ ಆಕಾಶಗಂಗೆ) ಚೆನ್ನ. ಆಚೆ ಗೋಡೆಯಿಂದ ನೋಡಿದರೂ ಏನೆಂದು ತಿಳಿಯುತ್ತದೆ. ಸೌರಮಂಡಲದ ಚೆಂಡು ಹತ್ತಿರ ಕೂತು ನೋಡುವವರಿಗೆ.

ಸೌರಮಂಡಲವೇ ಬೇಕೆಂದರೆ ಫೋಟೋವನ್ನು ದೊಡ್ಡದು ಮಾಡಿ ಎಣಿಸಿ. ಎಂಟು ಗ್ರಹಗಳಿರಬೇಕು. ಒಂಬತ್ತಿದ್ದರೆ ಪ್ಲೂಟೊವನ್ನೂ ಸೇರಿಸಿದ್ದಾರೆ ಎಂದರ್ಥ. 2006ರಲ್ಲೇ ಅದನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿದ್ದಾರೆ. ಎಂಟಕ್ಕಿಂತ ಕಡಿಮೆ ಇರುವ ಚೆಂಡುಗಳೂ ಕಣ್ಣಿಗೆ ಬೀಳುತ್ತವೆ. ಸೂರ್ಯನಿಂದ ಆರನೆಯದು ಬಳೆಯಿರುವ ಶನಿಯೇ ಅಲ್ವಾ ನೋಡಿ. ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್, ಇದು ಸರಿಯಾದ ಸಾಲು. ಮಗುವಿನ ಕೋಣೆಗೆ ಕೊಳ್ಳುತ್ತಿದ್ದರೆ ಈ ಐದು ನಿಮಿಷ ದಂಡವಲ್ಲ.

ಅಳತೆ ಮಾತ್ರ ಯಾವ ಚೆಂಡಿನಲ್ಲೂ ಸರಿ ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಸೂರ್ಯನನ್ನು ಕಡಲೆಕಾಳಿನಷ್ಟು, ಅಂದರೆ ಒಂದು ಸೆಂಟಿಮೀಟರ್ ಅಗಲಕ್ಕೆ ಕೆತ್ತಿದರು ಅಂದುಕೊಳ್ಳಿ. ಆಗ ಭೂಮಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾಗಬೇಕು. ಅದು ಚೆಂಡಿನೊಳಗೂ ಇರುವುದಿಲ್ಲ, ಮೇಜಿನ ಇನ್ನೊಂದು ತುದಿಯಲ್ಲಿ, ಸುಮಾರು ಒಂದು ಮೀಟರ್ ದೂರದಲ್ಲಿರುತ್ತದೆ. ನೆಪ್ಚೂನ್ ಮೂವತ್ತೆರಡು ಮೀಟರ್ ಆಚೆ, ಬೀದಿಯಲ್ಲಿ. ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ. ಗ್ರಹಗಳನ್ನು ಸರಿಯಾಗಿ ಪರಿಚಯಿಸಬೇಕೆಂದರೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೋ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಕರೆದುಕೊಂಡು ಹೋಗಿ. ದೀಪದಿಂದ ಆ ಕೆಲಸ ಆಗದು.

ಸಪ್ತರ್ಷಿ ಮಂಡಲ, ಮಹಾವ್ಯಾಧನಂಥ ನಕ್ಷತ್ರಪುಂಜದ ಚೆಂಡಿಗೆ ಹಿಂದು-ಮುಂದು ಇದೆ. ಒಂದು ಬದಿಯಿಂದ ಆಕಾಶದಲ್ಲಿ ಕಂಡಂತೆ ಕಾಣುತ್ತದೆ, ತಿರುಗಿಸಿದರೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗುತ್ತದೆ. ಸರಿಯಾದ ಮುಖ ಹೊರಗೆ ಬರುವಂತೆ ಕೂರಿಸಿ.

ಉಡುಗೊರೆಗೆ ಕೊಳ್ಳುವವರಿಗೊಂದು ಕಿವಿಮಾತು. ಶನಿಯ ಚೆಂಡು ಎಲ್ಲಕ್ಕಿಂತ ಚಂದ. ಆದರೆ ಗೃಹಪ್ರವೇಶಕ್ಕೆ ಶನಿಯನ್ನು ಹೊತ್ತುಕೊಂಡು ಹೋಗುವ ಮುನ್ನ ಆ ಮನೆಯ ಅಜ್ಜಿಯನ್ನು ನೆನೆಸಿಕೊಳ್ಳಿ.

ಹಂತ 3: ಬೇಸ್ ಆರಿಸಿ

ದುಡ್ಡು ಹಾಕಬೇಕಾದ್ದು ಇಲ್ಲಿ. ಒಂದೇ ಚೆಂಡು ಒಳ್ಳೆ ಬೇಸ್ ಮೇಲೆ ಜೀವ ತಳೆಯುತ್ತದೆ, ಕಳಪೆ ಬೇಸ್ ಮೇಲೆ ಪೇಪರ್‌ವೇಟ್ ಥರ ಕೂರುತ್ತದೆ.

*ಬಣ್ಣ.* ಬೆಳಕಿನ ಬಣ್ಣವನ್ನು ‘ಕೆಲ್ವಿನ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. 2700–3000 ಕೆಲ್ವಿನ್ ಅಂದರೆ ಹಳೇ ಬಲ್ಬಿನ ಹಳದಿ, 6500 ಅಂದರೆ ಟ್ಯೂಬ್‌ಲೈಟಿನ ಬಿಳಿ. ಮಲಗುವ ಕೋಣೆಗೆ ಹಳದಿಯೇ ಸರಿ. ನೀಲಿ ಜಾಸ್ತಿ ಇರುವ ಬೆಳಕು ಮೆಲಟೋನಿನ್ ಅನ್ನು, ಅಂದರೆ ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುವ ಹಾರ್ಮೋನನ್ನು, ತಗ್ಗಿಸುತ್ತದೆ. ಆಕಾಶಗಂಗೆಗೆ ನೀಲಿ ಬೆಳಕು ಒಪ್ಪುತ್ತದೆ, ಒಪ್ಪಿಕೊಳ್ಳುತ್ತೇನೆ. ಹಾಗಿದ್ದರೆ ಅದನ್ನು ಹಾಲ್‌ನಲ್ಲಿಡಿ.

ಹದಿನಾರು ಬಣ್ಣ, ತಾನೇ ಬದಲಾಗುವ ಬಣ್ಣ ಎಂಬುದೆಲ್ಲ ಒಂದು ವಾರದ ಖುಷಿ. ಆಮೇಲೆ ಎಲ್ಲರೂ ಒಂದೇ ಬಣ್ಣಕ್ಕೆ ನಿಲ್ಲಿಸಿಬಿಡುತ್ತಾರೆ.

*ರಿಮೋಟ್.* ಬಣ್ಣದ ಬೇಸ್‌ಗಳ ಜೊತೆ ಬರುವ ತೆಳ್ಳನೆ ರಿಮೋಟಿನಲ್ಲಿ ಸಾಮಾನ್ಯವಾಗಿ ಬಟನ್ ಸೆಲ್ ಇರುತ್ತದೆ, ಅಂದರೆ ನಾಣ್ಯದಂಥ ಚಪ್ಪಟೆ ಬ್ಯಾಟರಿ. ಪುಟ್ಟ ಮಕ್ಕಳು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಬ್ಯಾಟರಿ ತಟ್ಟೆ ಸಲೀಸಾಗಿ ಎಳೆದು ಬರುವಂತಿದ್ದರೆ ಟೇಪ್ ಸುತ್ತಿ ಎತ್ತರದಲ್ಲಿಡಿ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಹೋಗಿ. ಸಣ್ಣ ಮಕ್ಕಳಿರುವ ಮನೆಗೆ ರಿಮೋಟ್ ಇಲ್ಲದ, ವೈರಿನ ಮೇಲೇ ಸ್ವಿಚ್ ಇರುವ ಬೇಸ್ ತರುವುದೇ ವಾಸಿ.

*ಸ್ವಿಚ್.* ಮುಟ್ಟಿದರೆ ಹತ್ತುವ ಟಚ್ ಬೇಸ್ ನೋಡಲು ನಾಜೂಕು. ಆದರೆ ಇವುಗಳಲ್ಲಿ ಅನೇಕವು ಕರೆಂಟ್ ಹೋಗಿ ಬಂದ ಮೇಲೆ ತಾವಾಗಿ ಹತ್ತುವುದಿಲ್ಲ. ರಾತ್ರಿ ಮಗು ಕತ್ತಲೆಗೆ ಎಚ್ಚರವಾಗಬಾರದು ಎಂದು ದೀಪ ತಂದಿದ್ದರೆ, ಟಕ್ ಎಂದು ಒತ್ತುವ ಸಾದಾ ಸ್ವಿಚ್ಚೇ ಬೇಕು. ಕರೆಂಟ್ ಬಂದ ಕೂಡಲೇ ಅದೂ ಹತ್ತುತ್ತದೆ.

*ತಿರುಗುವ ಬೇಸ್.* ಹಗಲಲ್ಲಿ ಕೇಳದ ಮೋಟರಿನ ಗುಂಯ್ ಸದ್ದು ರಾತ್ರಿ ಎರಡು ಗಂಟೆಗೆ ಚೆನ್ನಾಗಿ ಕೇಳುತ್ತದೆ. ಮಲಗುವ ಕೋಣೆಗೆ ಬೇಡ.

*ಮಿನುಗು.* ಕಳಪೆ ಬೇಸ್‌ಗಳು ಬೆಳಕನ್ನು ಕಡಿಮೆ ಮಾಡಿದಾಗ ಕಣ್ಣಿಗೆ ಕಾಣದಷ್ಟು ವೇಗವಾಗಿ ಹತ್ತಿ ಆರುತ್ತಿರುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಫೋನಿನ ಕ್ಯಾಮೆರಾ ತೆರೆದು ದೀಪದ ಕಡೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಮಿನುಗು ಇದೆ ಎಂದು ತಿಳಿಯಿರಿ.

ಹಂತ 4: ಜಾಗ ಹುಡುಕಿ. ಬಿಸಿಲೇ ಮೊದಲ ಪ್ರಶ್ನೆ

ಗಟ್ಟಿ ಗಾಜಿನ ಚೆಂಡು ಅಂದರೆ ಲೆನ್ಸ್. ಒಂದು ಬದಿಯಿಂದ ಬಿದ್ದ ಬಿಸಿಲನ್ನು ಅದು ಇನ್ನೊಂದು ಬದಿಯಲ್ಲಿ ಒಂದು ಚುಕ್ಕೆಗೆ ಸೇರಿಸುತ್ತದೆ. 8 ಸೆಂಟಿಮೀಟರ್ ಚೆಂಡಿನಲ್ಲಿ ಆ ಚುಕ್ಕೆ ಗಾಜಿನ ಮೈಯಿಂದ ಬರೀ ಎರಡು ಸೆಂಟಿಮೀಟರ್ ಆಚೆ ಬೀಳುತ್ತದೆ. ಅಂದರೆ ಬೇಸ್‌ನ ಅಂಚಿಗೆ, ಹಿಂದಿನ ಪರದೆಗೆ, ಪಕ್ಕದ ಪುಸ್ತಕಕ್ಕೆ. ಒಳಗೆ ಕೆತ್ತನೆ ಇದ್ದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಚುಕ್ಕಿಗಳ ನಡುವೆ ಗಾಜು ಖಾಲಿಯೇ ಇರುತ್ತದೆ.

ಉತ್ಪ್ರೇಕ್ಷೆ ಅನ್ನಿಸಿದರೆ ಇದನ್ನು ಕೇಳಿ. ಹವಾಮಾನ ಕೇಂದ್ರಗಳಲ್ಲಿ ದಿನಕ್ಕೆ ಎಷ್ಟು ಹೊತ್ತು ಬಿಸಿಲಿತ್ತು ಎಂದು ಅಳೆಯಲು ಕ್ಯಾಂಪ್‌ಬೆಲ್–ಸ್ಟೋಕ್ಸ್ ಎಂಬ ಉಪಕರಣ ಬಳಸುತ್ತಾ ಬಂದಿದ್ದಾರೆ. ಅದರಲ್ಲಿರುವುದು ಸುಮಾರು 10 ಸೆಂಟಿಮೀಟರಿನ ಗಾಜಿನ ಚೆಂಡು, ಹಿಂದೆ ಒಂದು ರಟ್ಟಿನ ಪಟ್ಟಿ. ಸೂರ್ಯ ಸರಿದಂತೆ ಚೆಂಡು ಪಟ್ಟಿಯ ಮೇಲೆ ಸುಟ್ಟ ಗೆರೆ ಎಳೆಯುತ್ತಾ ಹೋಗುತ್ತದೆ. ಗೆರೆ ಎಷ್ಟು ಉದ್ದವೋ ಅಷ್ಟು ಹೊತ್ತು ಬಿಸಿಲು. ನಿಮ್ಮ ಶೋಕೇಸಿನಲ್ಲಿರುವುದೂ ಅಂಥದ್ದೇ ಚೆಂಡು.

‘ನಮ್ಮ ಕಿಟಕಿಗೆ ಬಿಸಿಲು ಬರಲ್ಲ’ ಎಂದು ಒಂದು ದಿನ ನೋಡಿ ತೀರ್ಮಾನಿಸಬೇಡಿ. ತಪ್ಪಾಗುವುದು ಇಲ್ಲೇ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರಿನಲ್ಲಿ ಆಗ ನಡುಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಬೇಸಿಗೆಯಲ್ಲಿ ಬಿಸಿಲೇ ಕಾಣದ ದಕ್ಷಿಣದ ಕಿಟಕಿಯಿಂದ ಆಗ ಬಿಸಿಲು ಒಳಗೆ ಬರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಬೆಂಗಳೂರಿಗೆ ಉತ್ತರಕ್ಕಿರುತ್ತಾನೆ. ಆಗ ಉತ್ತರದ ಕಿಟಕಿಯನ್ನೂ ನಂಬುವಂತಿಲ್ಲ. ಪೂರ್ವ, ಪಶ್ಚಿಮದ ಕಿಟಕಿಗಳಲ್ಲಂತೂ ಬೆಳಿಗ್ಗೆ ಸಂಜೆ ಬಿಸಿಲು ಅಡ್ಡಡ್ಡ ಬಂದು ಕೋಣೆಯ ಆಚೆ ಗೋಡೆ ತನಕ ಮುಟ್ಟುತ್ತದೆ.

ಹಾಗಾಗಿ ನಿಯಮ ಸರಳ:

1. ಕಿಟಕಿಯ ಕಟ್ಟೆಯ ಮೇಲೆ ಇಡಬೇಡಿ. ಬಾಲ್ಕನಿಯಲ್ಲೂ ಬೇಡ, ಕಾರಿನ ಡ್ಯಾಶ್‌ಬೋರ್ಡಿನ ಮೇಲಂತೂ ಬೇಡವೇ ಬೇಡ.
2. ವರ್ಷದ ಯಾವ ಕಾಲದಲ್ಲೂ ನೇರ ಬಿಸಿಲು ತಾಗದ ಒಳಗೋಡೆಯ ಕಪಾಟು ಆರಿಸಿ.
3. ಊರಿಗೆ ಹೋಗುವಾಗ ಚೆಂಡನ್ನು ಅದರ ಡಬ್ಬಿಯೊಳಗಿಟ್ಟು ಬೀರುವಿನಲ್ಲಿಡಿ. ಮೇಲೆ ಒಂದು ಬಟ್ಟೆ ಹೊದಿಸಿ ಹೋದರೆ ಸಾಲದು.
4. ಬೇಸ್ ಅಥವಾ ಹಿಂದಿನ ಹಲಗೆಯ ಮೇಲೆ ಕಂದು ಬಣ್ಣದ ಗೆರೆ, ಚುಕ್ಕೆ ಕಂಡರೆ ಅಲ್ಲಿ ಬಿಸಿಲು ಬೀಳುತ್ತಿದೆ. ಅವತ್ತೇ ಜಾಗ ಬದಲಿಸಿ.

ಇನ್ನು ಬೀಳುವ ವಿಷಯ. ಮಲಗಿದವರ ತಲೆಯ ಮೇಲಿನ ಕಪಾಟಿನಲ್ಲಿ 670 ಗ್ರಾಂ ಗಾಜು ಇಡಬಾರದು, ಅಷ್ಟೇ. ಬೇಸ್‌ನ ಬಳೆಯ ಮೇಲೆ ಚೆಂಡು ಸುಮ್ನೆ ಕೂತಿರುತ್ತದೆ, ಬಿಗಿದಿರುವುದಿಲ್ಲ. ಬೆಕ್ಕಿನ ಬಾಲ ತಾಗಿದರೂ ಉರುಳುತ್ತದೆ. ಬಳೆಯ ಮೇಲೆ ಮೂರು ಕಡೆ ಗೋಧಿಕಾಳಿನಷ್ಟು ಅಂಟುಮೇಣ ಹಚ್ಚಿ ಕೂರಿಸಿ. ಬೇಸ್‌ನ ಅಡಿಗೂ ಹಚ್ಚಿ. ವೈರ್ ಕಪಾಟಿನ ಮುಂದೆ ಜೋತಾಡದಂತೆ ಹಿಂದಿನಿಂದ ಎಳೆಯಿರಿ. ಮಕ್ಕಳು ಎಳೆಯುವುದು ವೈರನ್ನೇ.

ದೇವರ ಕೋಣೆ, ಅಡುಗೆಮನೆ ಎರಡೂ ಬೇಡ. ಊದುಬತ್ತಿಯ ಹೊಗೆ, ಕರ್ಪೂರದ ಮಸಿ, ಒಗ್ಗರಣೆಯ ಜಿಡ್ಡು ಗಾಜಿನ ಮೇಲೆ ತೆಳ್ಳಗೆ ಕೂರುತ್ತದೆ. ಕೆಳಗಿನಿಂದ ಬೆಳಕು ಬಂದಾಗ ಗ್ರಹಗಳಿಗಿಂತ ಜಿಡ್ಡೇ ಚೆನ್ನಾಗಿ ಹೊಳೆಯುತ್ತದೆ.

ಹಂತ 5: ಫೋಟೋದಂತೆ ಕಾಣುವ ಹಾಗೆ ಕೂರಿಸಿ

ಮಾರುವವರ ಫೋಟೋ ಕತ್ತಲ ಕೋಣೆಯಲ್ಲಿ ತೆಗೆದದ್ದು, ಇಲ್ಲವೇ ಕಂಪ್ಯೂಟರಿನಲ್ಲಿ ಮಾಡಿದ್ದು. ಕೊಳ್ಳುವಾಗ ಗಿರಾಕಿಗಳು ಹಾಕಿದ ಫೋಟೋ ನೋಡಿ. ಮನೆಯಲ್ಲಿ ಸಪ್ಪೆ ಕಾಣಲು ಕಾರಣ ಹೆಚ್ಚಾಗಿ ಹಿನ್ನೆಲೆ. ಕೆತ್ತನೆಯ ಚುಕ್ಕಿ ಬಿಳಿ, ನಿಮ್ಮ ಗೋಡೆಯೂ ಬಿಳಿ. ಟ್ಯೂಬ್‌ಲೈಟ್ ಹಾಕಿದರೆ ಚಿತ್ರ ಮಾಯ. ಚೆಂಡಿನ ಹಿಂದೆ ಕಡು ಬಣ್ಣದ ಏನಾದರೂ ಇರಲಿ: ತೇಗದ ಹಲಗೆ, ಕಡುನೀಲಿ ಬಟ್ಟೆ, ಕಪ್ಪು ರಟ್ಟು. ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಎರಡನೆಯದು ಎತ್ತರ. ಮೇಲಿನಿಂದ ಬಗ್ಗಿ ನೋಡಿದರೆ ಬೇಸ್‌ನಲ್ಲಿರುವ ಎಲ್‌ಇಡಿ ಕಾಳುಗಳು ಚೆಂಡಿನ ತಳದಲ್ಲಿ ದೊಡ್ಡದಾಗಿ ಕಂಡು ಕಣ್ಣಿಗೆ ಚುಚ್ಚುತ್ತವೆ. ಚೆಂಡು ನೋಡುವವರ ಕಣ್ಣಿನ ಮಟ್ಟದಲ್ಲಿ, ಅಥವಾ ತುಸು ಮೇಲೆ ಇರಬೇಕು. ಹಾಲ್‌ನಲ್ಲಾದರೆ ಸೋಫಾದಲ್ಲಿ ಕೂತವರ ಕಣ್ಣು, ಮಲಗುವ ಕೋಣೆಯಲ್ಲಾದರೆ ದಿಂಬಿನ ಮೇಲಿನ ಕಣ್ಣು. ಅದಕ್ಕೇ ಮಂಚದ ಪಕ್ಕದ ಗಿಡ್ಡ ಮೇಜು ಒಳ್ಳೆ ಜಾಗ. ಆಮೇಲೂ ಬೆಳಕು ಜಾಸ್ತಿ ಅನ್ನಿಸಿದರೆ ಚೆಂಡಿನ ಕೆಳಗೆ ಬಟರ್ ಪೇಪರಿನ ಒಂದು ಬಿಲ್ಲೆ ಕತ್ತರಿಸಿ ಇಡಿ.

ಹಂತ 6: ಕರೆಂಟ್ ಕೊಡಿ

ಈ ಬೇಸ್‌ಗಳು ಎಳೆಯುವುದು ಸಾಮಾನ್ಯವಾಗಿ ಒಂದೆರಡು ವ್ಯಾಟ್. ಒಂದು ವ್ಯಾಟಿನದನ್ನು ದಿನಾ ಎಂಟು ಗಂಟೆ ಉರಿಸಿದರೆ ವರ್ಷಕ್ಕೆ ಮೂರು ಯೂನಿಟ್ ದಾಟುವುದಿಲ್ಲ. ನಮ್ಮ ಹಳೆಯ ಜೀರೋ ಬಲ್ಬ್ ಹೆಸರಿಗೆ ಜೀರೋ, ಎಳೆಯುತ್ತಿದ್ದದ್ದು ಹತ್ತು ಹದಿನೈದು ವ್ಯಾಟ್.

ಕೆಲವು ಸಾಮಾನ್ಯ ತೊಡಕುಗಳು:

- ಹೊಸ ಬೇಸ್ ಹತ್ತುವುದೇ ಇಲ್ಲ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದ್ದೀರಾ? ಅಗ್ಗದ ಬೇಸ್‌ಗಳಲ್ಲಿ ‘ನನಗೆ ಕರೆಂಟ್ ಕೊಡು’ ಎಂದು ಟೈಪ್-ಸಿ ಚಾರ್ಜರಿಗೆ ಹೇಳುವ ಪುಟ್ಟ ಭಾಗವೇ ಇರುವುದಿಲ್ಲ. ಹಾಗಾಗಿ ಚಾರ್ಜರ್ ಸುಮ್ಮನಿರುತ್ತದೆ. ಒಂದು ತುದಿ ಹಳೆಯ ಅಗಲದ ಯುಎಸ್‌ಬಿ ಇರುವ ಕೇಬಲ್ ಮತ್ತು ಅಡಾಪ್ಟರ್ ಹಾಕಿ ನೋಡಿ. ವಾಪಸ್ ಕಳಿಸುವ ಮುನ್ನ ಇದನ್ನೊಂದು ಮಾಡಿ.
- ಪವರ್ ಬ್ಯಾಂಕಿನಲ್ಲಿ ಅರ್ಧ ನಿಮಿಷಕ್ಕೆ ಆರಿಹೋಗುತ್ತದೆ. ದೀಪ ಎಳೆಯುವ ಕರೆಂಟ್ ತೀರಾ ಕಡಿಮೆ. ಫೋನ್ ಚಾರ್ಜ್ ಆಗಿ ಮುಗಿದಿದೆ ಎಂದು ಪವರ್ ಬ್ಯಾಂಕ್ ನಿಂತುಬಿಡುತ್ತದೆ. ಕೆಲವು ಪವರ್ ಬ್ಯಾಂಕ್‌ಗಳಲ್ಲಿ ಇಯರ್‌ಫೋನಿನಂಥ ಸಣ್ಣ ಸಾಧನಗಳಿಗೆ ಬೇರೆ ಮೋಡ್ ಇರುತ್ತದೆ, ಅದನ್ನು ಹಾಕಿ.
- ಟಿವಿಯ ಯುಎಸ್‌ಬಿಗೆ ಸಿಕ್ಕಿಸಿದ್ದೀರಿ. ಟಿವಿ ಆರಿದರೆ ಅನೇಕ ಸಲ ದೀಪವೂ ಆರುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಯುಎಸ್‌ಬಿ ತುದಿಗಳಲ್ಲಿ ಕಿಲುಬು ಹಿಡಿಯುತ್ತದೆ, ದೀಪ ಮಿಣಮಿಣ ಅನ್ನುತ್ತದೆ. ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ಅಡಾಪ್ಟರ್ ಕೈಸುಡುವಷ್ಟು ಬಿಸಿಯಾದರೆ ರಿಪೇರಿ ಮಾಡಲು ಹೋಗಬೇಡಿ, ಎಸೆದು ಬೇರೆ ತನ್ನಿ.

ಹಂತ 7: ಒರೆಸುವುದು

ಬೆರಳಿನ ಗುರುತು, ಧೂಳು, ಗೀರು ಎಲ್ಲಕ್ಕೂ ಬೆಳಕು ತಾಗಿ ಹೊಳೆಯುತ್ತದೆ, ಕೆತ್ತನೆ ಹೊಳೆಯುವ ಹಾಗೆಯೇ. ಹಾಗಾಗಿ ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಜಿಡ್ಡಿದ್ದರೆ ಚೆಂಡನ್ನು ಬೇಸ್‌ನಿಂದ ಎತ್ತಿ, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆಯಿರಿ. ಸಿಂಕಿನಲ್ಲಿ ಮೊದಲು ಟವೆಲ್ ಹಾಸಿಕೊಳ್ಳಿ. ಸೋಪು ಹತ್ತಿದ ಗಾಜಿನ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ. ಕುದಿನೀರು ಬೇಡ, ಗಾಜು ಸೀಳಬಹುದು. ಪಾತ್ರೆ ತಿಕ್ಕುವ ಪುಡಿ, ಬೂದಿ, ನಾರು ಯಾವುದೂ ಹತ್ತಿರ ಸುಳಿಯಬಾರದು. ನಿಮ್ಮದು ಅಕ್ರಿಲಿಕ್ ಚೆಂಡಾದರೆ ಸ್ಪಿರಿಟ್, ಕನ್ನಡಿ ಒರೆಸುವ ಸ್ಪ್ರೇ ಕೂಡ ಬೇಡ, ಮೈತುಂಬಾ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಬೇಸ್‌ಗೆ ಒಣ ಬಟ್ಟೆ ಮಾತ್ರ.

ಹಂತ 8: ದೀಪ ಕೆಟ್ಟಾಗ

ಕೆಡುವುದು ಬೇಸ್, ಚೆಂಡಲ್ಲ. ಬೇಸ್ ಬಿಡಿಯಾಗಿ ಸಿಗುತ್ತದೆ, ಇಡೀ ಸೆಟ್ ಮತ್ತೆ ಕೊಳ್ಳಬೇಕಿಲ್ಲ. ಆರ್ಡರ್ ಮಾಡುವ ಮುನ್ನ ಎರಡು ನೋಡಿಕೊಳ್ಳಿ. ನಿಮ್ಮ ಚೆಂಡಿನ ತಳ ಚಪ್ಪಟೆಯೋ ಗುಂಡಗಿದೆಯೋ? ಗುಂಡಗಿದ್ದರೆ ಬೇಸ್‌ನಲ್ಲಿ ಬಳೆ ಅಥವಾ ತಗ್ಗು ಇರಲೇಬೇಕು. ಚಪ್ಪಟೆ ಇದ್ದರೆ ತಳದ ಅಗಲವನ್ನು ಸ್ಕೇಲಿನಿಂದ ಅಳೆದು, ಬೆಳಕು ಬರುವ ಕಿಂಡಿ ಅದಕ್ಕಿಂತ ಸಣ್ಣದಿರುವ ಬೇಸ್ ತರಿಸಿ. ಕಿಂಡಿ ದೊಡ್ಡದಾದರೆ ಬೆಳಕು ಚೆಂಡಿನ ಸುತ್ತಲಿಂದ ಸೋರಿ ಚಾವಣಿಗೆ ಹೊಡೆಯುತ್ತದೆ. ಪಾರ್ಸೆಲ್ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಚಕ್ಕೆ ಎದ್ದ ಗಾಜು ಬಂದರೆ ಬದಲಿ ಕೇಳಲು ಅದೇ ಸಾಕ್ಷಿ.